ದಾವಣಗೆರೆ ಬಿಸಿಲಿನಲ್ಲಿ ಬಿಸಿ ಸೀಟು

ಆಗಲ್ಲ ಅಂದವಳು ನಮ್ಮತ್ತೆ, ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಮಾಯಕೊಂಡದಿಂದ ಹರಿಹರದ ನಮ್ಮ ಮನೆಗೆ ಬಂದವಳು, ಬಂದ ದಿನವೇ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತನ್ನ ಕೈಗೆ ಎಟುಕುವ ಎತ್ತರಕ್ಕೆ ಇಳಿಸಿಕೊಂಡಳು. ಅಲ್ಲಿಂದ ಮನೆಯ ಆಡಳಿತ ಅವಳದೇ. ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ನನಗೆ ಎಲೆಕ್ಟ್ರಿಕಲ್ ಸಿಕ್ಕಿತು ಎಂದು ಓಡಿಬಂದು ಹೇಳಿದಾಗ ಅವಳು ಶೇಂಗಾ ಒಡೆಯುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ.

“ನಮ್ಮನ್ಯಾಗೆ ಇಂಜಿನೇರ? ಆಗಂಗಿಲ್ಲ ಬಿಡು. ನಿಮ್ಮಜ್ಜ ಸಾಲಿ ಕಟ್ಟಿ ಮ್ಯಾಲೆ ಕುಂತು ಬೀಡಿ ಸೇದಿದ. ನಿಮ್ಮಪ್ಪ ಒಳಗ ಹೋಗಿ ಏಳ್ನೇತ್ತ ತನಕ ಕುಂತು ಎದ್ದು ಬಂದ. ನೀನು ಕಾಲೇಜು ಕಂಡಿದ್ದೇ ಹೆಚ್ಚಾತು.”

ಹೊಟ್ಟೆಕಿಚ್ಚಿನಿಂದ ಆಡಿದ ಮಾತಲ್ಲ ಅದು. ಇವತ್ತು ಮೋಡ ಐತೆ, ಹಪ್ಪಳ ಒಣಗಂಗಿಲ್ಲ ಅನ್ನುವ ಧಾಟಿಯಲ್ಲೇ ಅಂದಳು. ನಾನು ಮೊದಲ ವರ್ಷ ಪಾಸಾದೆ. “ಅದು ಸಣ್ಣದು, ಎಲ್ಲಾರೂ ಆಗ್ತಾರೆ. ಎರಡ್ನೇದು ಆಗಂಗಿಲ್ಲ,” ಅಂದಳು. ಎರಡನೆಯದೂ ಆಯಿತು. “ಮೂರ್ನೇದ್ರಾಗೆ ಸೋಸ್ತಾರಂತೆ,” ಅಂದಳು. ಯಾರು ಹೇಳಿದರೋ ಗೊತ್ತಿಲ್ಲ. ಹೀಗೆ ಆಗದ ಕೆಲಸವನ್ನು ವರ್ಷ ವರ್ಷ ಮುಂದಕ್ಕೆ ತಳ್ಳುತ್ತಾ, ಆ ಆಗದ ಕೆಲಸಕ್ಕೆಂದು ದಿನಾ ಬೆಳಿಗ್ಗೆ ರೊಟ್ಟಿ ತಟ್ಟಿ, ಚಟ್ನಿಪುಡಿಗೆ ಎಣ್ಣೆ ಕಲೆಸಿ, ಡಬ್ಬಿ ಕಟ್ಟಿ ನನ್ನನ್ನು ದಾವಣಗೆರೆ ಬಸ್ಸಿಗೆ ಅಟ್ಟುತ್ತಿದ್ದಳು.

ಅಪ್ಪನದು ಹರಿಹರದಲ್ಲಿ ಕುಶನ್ ಅಂಗಡಿ. ಲಾರಿ, ಟ್ರ್ಯಾಕ್ಟರು, ಆಟೊ, ಸ್ಕೂಟರು, ಯಾವುದರ ಸೀಟು ಹರಿದರೂ ಬಿಚ್ಚಿ, ಸ್ಪಂಜು ಬದಲಿಸಿ, ರೆಕ್ಸಿನ್ ಹೊಲಿದು ಕೊಡುವ ಕೆಲಸ. ಕಾಲೇಜಿನಿಂದ ಬಂದವಳು ನೇರ ಅಂಗಡಿಗೆ ಹೋಗಿ, ಅಂಟು ಹಚ್ಚಿದ ಸ್ಪಂಜು ಒಣಗುವ ತನಕ ಪುಸ್ತಕ ತೆರೆದು ಕೂರುತ್ತಿದ್ದೆ. ನನ್ನ ಪುಸ್ತಕಗಳಿಗೆಲ್ಲ ಆ ಅಂಟಿನ ವಾಸನೆ. ಪರೀಕ್ಷಾ ಹಾಲಿನಲ್ಲಿ ಪಕ್ಕದವಳು ಮೂಗು ಮುಚ್ಚಿಕೊಂಡದ್ದೂ ಉಂಟು. ನನಗೆ ಬೇಸರವಿರಲಿಲ್ಲ. ನಾನು ಯಾರ ಮಗಳು ಅಂತ ವಾಸನೆಯೇ ಹೇಳುತ್ತಿತ್ತು, ನಾನು ಬಾಯಿ ಬಿಡಬೇಕಾದ್ದಿರಲಿಲ್ಲ.

ಕೊನೆಯ ವರ್ಷಕ್ಕೆ ಬಂದಾಗ ಒಂದು ಪ್ರಾಜೆಕ್ಟ್ ಮಾಡಬೇಕು, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಅದನ್ನು ತೋರಿಸಿ ಅವರ ಪ್ರಶ್ನೆಗಳಿಗೆ ಉತ್ತರಿಸಬೇಕು. ಅದಕ್ಕೆ ವೈವಾ ಅನ್ನುತ್ತಿದ್ದೆವು. ನಮ್ಮ ವಿಭಾಗದಲ್ಲಿ ಒಂದು ಪದ್ಧತಿಯಿತ್ತು: ಮೇಲಿನ ವರ್ಷದವರು ಹೋಗುವಾಗ ತಮ್ಮ ಮಾದರಿಯನ್ನು ಕೆಳಗಿನವರಿಗೆ ದಾಟಿಸಿ ಹೋಗುವುದು, ಇವರು ಅದಕ್ಕೆ ಹೊಸ ಬಣ್ಣ ಬಳಿಯುವುದು. ಎಲ್ಲರೂ ಗುಂಪು ಕಟ್ಟಿಕೊಂಡಾಗ ನಾನು ಒಬ್ಬಳೇ ಉಳಿದೆ; ನನ್ನ ಪಾಲಿಗೆ ಬಂದದ್ದು ನೀರು ತುಂಬಿದ ಕೂಡಲೇ ಮೋಟರು ತಾನೇ ನಿಲ್ಲುವ ಒಂದು ತಗಡಿನ ತೊಟ್ಟಿ. ಹಸಿರು ಬಣ್ಣ ಹೊಡೆದು ನಮ್ಮ ಮೇಷ್ಟ್ರ ಮುಂದೆ ಇಟ್ಟೆ. ಪ್ರಾಜೆಕ್ಟಿಗೆ ಮಾರ್ಗದರ್ಶಕರು ಅವರು. ತೊಟ್ಟಿಯ ಒಂದು ಮೂಲೆಯನ್ನು ಬೆರಳಿನಿಂದ ಸವರಿದರು.

“ಇಲ್ಲಿ ಸೋರ್ತಿತ್ತು. ನಿಂತಿದೆಯಾ ಈಗ?”

ನಾನು ಆ ಮೂಲೆಯ ಅಡಿಗೆ ಒರೆಸುವ ಬಟ್ಟೆ ತಳ್ಳಿದೆ.

“ಈ ತೊಟ್ಟಿ ನನಗಿಂತ ಸೀನಿಯರ್ ಆಗ್ತಾ ಬಂತಮ್ಮ. ಬಿಡು, ಅದಕ್ಕೂ ರಿಟೈರ್‌ಮೆಂಟ್ ಬೇಕು. ಹೊಸದೇನಾದ್ರೂ ತಗೊಂಡ್ ಬಾ. ಇಲ್ಲಾಂದ್ರೆ ವೈವಾಕ್ಕೆ ಕೂರಿಸೋದಿಲ್ಲ.”

ವೈವಾಕ್ಕೆ ಕೂರಿಸದಿದ್ದರೆ ಡಿಗ್ರಿ ಇಲ್ಲ. ಒಂದು ವರ್ಷ ಹೋದರೆ ಹೋಯಿತು ಅನ್ನುವ ಹಾಗಿಲ್ಲ. ನಮ್ಮಂಥ ಮನೆಯಲ್ಲಿ ಹೋದ ವರ್ಷ ತಿರುಗಿ ಬರುವುದಿಲ್ಲ. ಅಪ್ಪ ಆಗಲೇ ಅಂಗಡಿಗೆ ಬಂದವರಿಗೆಲ್ಲ ನನ್ನನ್ನು “ನಮ್ಮ ಇಂಜಿನೇರು” ಎಂದು ತೋರಿಸಿಬಿಟ್ಟಿದ್ದ. ಬಸ್ಸಿನಲ್ಲಿ ಹರಿಹರಕ್ಕೆ ಬರುತ್ತಾ ನನಗೆ ಅತ್ತೆ ಶೇಂಗಾ ಒಡೆಯುವ ಸದ್ದೇ ಕೇಳುತ್ತಿತ್ತು.

ಆ ವಾರವೇ ಅಂಗಡಿ ಮುಂದೆ ಒಂದು ಕಾರು ಬಂದು ನಿಂತಿತು.

ದಾವಣಗೆರೆಯ ಪಿ.ಜೆ. ಬಡಾವಣೆಯ ಒಬ್ಬ ಸಾವ್ಕಾರರ ಕಾರು ಅದು. ಹತ್ತಿ ವ್ಯಾಪಾರ, ಜಮೀನು, ಗುತ್ತೂರಿನ ಕಡೆ ಒಂದು ಸಣ್ಣ ಕಾರ್ಖಾನೆ ಇದ್ದ ಮನೆತನ. ಮುಂಬೈಯಲ್ಲಿ ಯಾರೋ ಊರು ಬಿಟ್ಟು ಹೋಗುವವರಿಂದ ಹಳೆಯ ವಿದೇಶಿ ಕಾರೊಂದನ್ನು ಕೊಂಡು ತಂದಿದ್ದರು. ದೋಣಿಯಷ್ಟು ಉದ್ದ. ಮಂಡಿಪೇಟೆಯಲ್ಲಿ ಅದು ತಿರುಗಬೇಕಾದರೆ ತಳ್ಳುಗಾಡಿಯವರೆಲ್ಲ ಒಂದು ಹೆಜ್ಜೆ ಹಿಂದೆ ಸರಿಯಬೇಕಿತ್ತು. ಅದರ ಗೇರಿನ ಪಕ್ಕ ಒತ್ತುವ ಒಂದು ಗುಂಡಿ. ಗುಂಡಿಯ ಮೇಲೆ ಕುರ್ಚಿಯ ಚಿತ್ರ, ಕುರ್ಚಿಯ ಮೇಲೆ ಡೊಂಕು ಡೊಂಕಾದ ಮೂರು ಗೆರೆ. ಡ್ರೈವರ್ ಅಣ್ಣ ಅದನ್ನು ಹಾವು ಅಂದುಕೊಂಡು, ಒತ್ತಿದರೆ ಏನಾಗುತ್ತದೋ ಅಂತ ಬಹಳ ದಿನ ಮುಟ್ಟಿರಲಿಲ್ಲ. ಒಂದು ದಿನ ಮುಂದಿನ ಸೀಟಿನಲ್ಲಿ ಕೂತಿದ್ದ ಸಾವ್ಕಾರರ ತಾಯಿಯ ಮೊಣಕೈ ತಗುಲಿ ಗುಂಡಿ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಆ ಹಿರಿಯ ಜೀವಕ್ಕೆ ಕೂತ ಕಡೆಯಿಂದ ಹಿತವಾದ ಕಾವು ಹತ್ತಿತು.

ಎಲ್ಲರೂ ಅಮ್ಮಾರು ಅನ್ನುತ್ತಿದ್ದ ಅವರಿಗೆ ಹಳೆಯ ಸೊಂಟನೋವು. ಸೊಸೆಯಂದಿರು ದಿನಾ ಉಪ್ಪು ಹುರಿದು, ಗಂಟು ಕಟ್ಟಿ ಕಾವು ಕೊಡುತ್ತಿದ್ದರು. ಈಗ ಕಾರೇ ಕೊಡತೊಡಗಿತು. ಅಂದಿನಿಂದ ಅಮ್ಮಾರಿಗೆ ಭಕ್ತಿ ಹೆಚ್ಚಾಯಿತು. ಸೋಮವಾರ ಹರಿಹರೇಶ್ವರ, ಗುರುವಾರ ಮಠ, ಉಳಿದ ದಿನ ಮಾಯಕೊಂಡದ ಬೀಗರು. ದೇವರ ಮುಂದೆ ಎರಡು ಗಳಿಗೆ, ಸೀಟಿನ ಮೇಲೆ ಇಡೀ ಬೆಳಗು. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಕಾರಿನ ನಾಲ್ಕೂ ಗಾಜು ಇಳಿಸಿಕೊಂಡು, ಸೀಟು ಬಿಸಿ ಮಾಡಿಕೊಂಡು ಹೋಗುವವರನ್ನು ಆ ಊರು ಅದಕ್ಕೆ ಮೊದಲು ಕಂಡಿರಲಿಲ್ಲ. “ಸೊಂಟಕ್ಕ ಕಾವು, ಮುಖಕ್ಕ ಗಾಳಿ,” ಅನ್ನುತ್ತಿದ್ದರಂತೆ.

ಆ ಸೀಟು ಈಗ ತಣ್ಣಗಾಗಿತ್ತು.

“ಅಣ್ಣಾರೆ, ಸೀಟು ಬಿಸಿ ಆಗವಲ್ದು,” ಅಂದ ಡ್ರೈವರ್ ಅಣ್ಣ.

ಅಪ್ಪ ಹೊಲಿಗೆ ನಿಲ್ಲಿಸಲಿಲ್ಲ. “ಹೊರಗ ಬಿಸ್ಲಾಗೆ ನಿಲ್ಸು. ತಾನೇ ಆಗುತ್ತೆ.”

“ನೀವೂ ನಗಬ್ಯಾಡ್ರಿ. ದಾವಣಗೆರ್‍ಯಾಗೆ ಎಲ್ಲಾ ಗ್ಯಾರೇಜಿನೋರು ನಕ್ಕಾಗೈತೆ. ತಣ್ಣಗ ಮಾಡ್ಸಾಕೆ ಜನ ಬರ್ತಾರೆ, ನೀನ್ಯಾಕಪ್ಪ ಹಿಂಗೆ ಅಂತಾರೆ. ಮನ್ಯಾಗೆ ಅಮ್ಮಾರು ನನ್ನ ಮ್ಯಾಲೆ ಬಿಸಿ ಆಗ್ಯಾರೆ.”

ಅಪ್ಪ ಸೀಟನ್ನು ಕಾರಿನಿಂದ ಇಳಿಸಿ, ಬೋರಲು ಹಾಕಿ, ಇಕ್ಕಳದಿಂದ ತಂತಿ ಉಂಗುರಗಳನ್ನು ಒಂದೊಂದಾಗಿ ಬಿಡಿಸಿ ಚರ್ಮದ ಹೊದಿಕೆ ಎತ್ತಿದ. ಒಳಗೆ ಸ್ಪಂಜಿನ ಮೇಲೆ ಒಂದು ದಪ್ಪ ಬಟ್ಟೆ. ಆ ಬಟ್ಟೆಯ ತುಂಬ ತೆಳ್ಳನೆಯ ವೈರು, ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಓಡಾಡಿ ಮಲಗಿತ್ತು.

“ಯವ್ವ, ಬಾ ಇಲ್ಲಿ. ಇದು ಹೊಲಿಗೆಯೋ, ಕರೆಂಟೋ?”

ನೋಡಿದೆ. “ಎರಡೂ, ಅಪ್ಪ.”

“ಹಂಗಾದ್ರೆ ಇಬ್ಬರೂ ಕೂಡ್ಬೇಕು,” ಅಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟ.

ಕಾಲೇಜಿನಲ್ಲಿ ಕಲಿತದ್ದು ಆ ದಿನ ಮೊದಲ ಬಾರಿಗೆ ನನ್ನ ಕೈಗೆ ಬಂತು. ವೈರಿನಲ್ಲಿ ಕರೆಂಟು ಹರಿದರೆ ಕಾವು. ಎಲ್ಲೋ ಒಂದು ಕಡೆ ತುಂಡಾದರೆ ಇಡೀ ಸೀಟು ತಣ್ಣಗೆ. ತುಂಡಾದ ಜಾಗ ಹೊರಗಿನಿಂದ ಕಾಣುವುದಿಲ್ಲ, ಮೇಲಿನ ಹೊದಿಕೆ ಹಾಗೇ ಇರುತ್ತದೆ. ಅಪ್ಪನ ಎರಡು ದಬ್ಬಣ ತೆಗೆದುಕೊಂಡು, ವೈರು ಪರೀಕ್ಷಿಸುವ ನನ್ನ ಮೀಟರಿಗೆ ಸಿಕ್ಕಿಸಿದೆ. ಒಂದನ್ನು ವೈರಿನ ತುದಿಗೆ ಚುಚ್ಚಿ, ಇನ್ನೊಂದನ್ನು ನಡುವೆ ಚುಚ್ಚಿದರೆ ಮೀಟರಿನ ಮುಳ್ಳು ಅಲ್ಲಾಡಿತು. ಅಂದರೆ ಅಲ್ಲಿಯ ತನಕ ಸರಿ. ಉಳಿದ ಅರ್ಧದ ನಡುವೆ ಚುಚ್ಚಿದೆ. ಅಲ್ಲಾಡಲಿಲ್ಲ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋಗಿ ಕೊನೆಗೆ ಒಂದು ಬೆರಳಗಲದಲ್ಲಿ ಕಳ್ಳ ಸಿಕ್ಕಿಬಿದ್ದ. ಬೆಸುಗೆ ಹಾಕಿ ಕೂಡಿಸಿದೆ. ಅಪ್ಪ ಹೊದಿಕೆ ಮುಚ್ಚಿದ. ಬ್ಯಾಟರಿಗೆ ಕೊಟ್ಟೆವು. ಅಪ್ಪ ಕೂತ, ಸ್ವಲ್ಪ ಹೊತ್ತಿಗೆ ಮುಖ ಅರಳಿಸಿದ. “ಇಳಿಯಾಕೆ ಮನಸ್ಸಾಗವಲ್ದು,” ಅಂದ.

ಮರುದಿನ ಮೇಷ್ಟ್ರ ಹತ್ತಿರ ಹೋಗಿ, ಇದನ್ನೇ ಪ್ರಾಜೆಕ್ಟ್ ಮಾಡುತ್ತೇನೆ ಸರ್ ಅಂದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

“ದಾವಣಗೆರೆಗೆ ಹೀಟರು! ಮುಂದಿನ ವರ್ಷ ಯಾರಿಗಾದ್ರೂ ಫ್ರಿಜ್ಜಿಗೆ ಕಂಬಳಿ ಹೊದಿಸೋ ಪ್ರಾಜೆಕ್ಟ್ ಕೊಡ್ತೀನಿ.” ಆಮೇಲೆ ಕನ್ನಡಕ ಹಾಕಿಕೊಂಡರು. “ನೋಡಮ್ಮ, ಬರೀ ರಿಪೇರಿ ಪ್ರಾಜೆಕ್ಟ್ ಅಲ್ಲ. ಯಾಕೆ ಹಾಳಾಯ್ತು ಅಂತ ಹೇಳು. ಮತ್ತೆ ಹಾಳಾಗದ ಹಾಗೆ ಮಾಡು. ಬಿಸಿ ಅಳತೆ ಮೀರದ ಹಾಗೆ ನೋಡ್ಕೊ. ಇಷ್ಟಾದ್ರೆ ಕೂರಿಸ್ತೀನಿ.”

ಅಳತೆ ಮೀರದ ಹಾಗೆ ನೋಡಿಕೊಳ್ಳುವುದು ನನಗೆ ಕಷ್ಟವಾಗಲಿಲ್ಲ. ಬಿಸಿ ಗುರುತಿಸುವ ಬಟಾಣಿ ಕಾಳಿನಷ್ಟು ಒಂದು ಬಿಡಿಭಾಗ, ಒಂದು ರಿಲೇ, ಅಂಗೈಯಗಲದ ಒಂದು ಬೋರ್ಡು. ನಿಗದಿ ಮಾಡಿದ ಬಿಸಿ ಬಂದ ಕೂಡಲೇ ರಿಲೇ ಟಿಕ್ ಅಂತ ಕರೆಂಟು ಕಡಿಯಬೇಕು, ತಣ್ಣಗಾದರೆ ಮತ್ತೆ ಟಿಕ್ ಅಂತ ಕೂಡಿಸಬೇಕು. ಪ್ರಯೋಗಾಲಯದಲ್ಲಿ ಕೂತು ಅದನ್ನು ಕಟ್ಟಿ ಮುಗಿಸಿದೆ. ಯಾಕೆ ಹಾಳಾಯಿತು ಅನ್ನುವುದಕ್ಕೂ ನನ್ನ ಉತ್ತರ ಸಿದ್ಧವಿತ್ತು: ವೈರು ಹಳೆಯದು, ಅದಕ್ಕೇ ತುಂಡಾಯಿತು.

ಅಷ್ಟರಲ್ಲಿ ಡ್ರೈವರ್ ಅಣ್ಣ ಮತ್ತೆ ಬಂದ. ಈ ಸಲ ಅವನು ಏನೂ ಹೇಳಲಿಲ್ಲ. ಬಾಗಿಲು ತೆರೆದು ಸೀಟಿನ ಕಡೆ ಕೈ ತೋರಿಸಿದ, ಅಷ್ಟೇ.

ಬಿಚ್ಚಿದೆವು. ನನ್ನ ಬೆಸುಗೆಯ ಪಕ್ಕದಲ್ಲೇ ತುಂಡಾಗಿತ್ತು. ಬೆಸುಗೆ ಬಿರುಸಾಗಿರುತ್ತದೆ, ಅದರ ಅಂಚಿನಲ್ಲಿ ವೈರು ಮುರಿದಿದೆ ಎಂದು ಲೆಕ್ಕ ಹಾಕಿ, ಈ ಸಲ ಬೆಸುಗೆ ಬಿಟ್ಟು ಸಣ್ಣ ಹಿತ್ತಾಳೆ ಕೊಳವೆ ತೊಡಿಸಿ ಒತ್ತಿ ಕೂಡಿಸಿದೆ. ಅದೂ ಬಹಳ ದಿನ ಬಾಳಲಿಲ್ಲ. ಕೊಳವೆ ಗಟ್ಟಿಯಾಗಿತ್ತು, ಅದರ ಆಚೆ ಬದಿಗೆ ವೈರು ಕಡಿದಿತ್ತು. ಸೀಟಿನ ಉಳಿದ ಭಾಗದಲ್ಲಿ ಅದೇ ಹಳೆಯ ವೈರು ಹೊಸದರಂತೆ ಮಲಗಿತ್ತು. ಹಳೆಯದಾದರೆ ಎಲ್ಲ ಕಡೆ ಹಳೆಯದಾಗಬೇಕಲ್ಲ? ಆ ಒಂದೇ ಜಾಗಕ್ಕೆ ಮಾತ್ರ ಯಾಕೆ ವಯಸ್ಸಾಯಿತು?

ಮನೆಯಲ್ಲಿ ಅತ್ತೆಗೆ ಹಬ್ಬ. “ನಿಮ್ಮ ಕಾಲೇಜ್ನಾಗೆ ಕೂಡ್ಸೋದು ಕಲಿಸ್ತಾರೋ, ಕಡಿಯೋದೋ?” ಅಂದಳು. ಊಟಕ್ಕೆ ಕೂತಾಗ, “ಮುದ್ದೆ ಮುರಿಯೋದ್ರಾಗೂ ಹುಷಾರು ತಾಯಿ, ನಿನ್ನ ಕೈ ತಗುಲಿದ್ದು ಉಳಿಯಂಗಿಲ್ಲ,” ಅಂದಳು. ಅಪ್ಪ ನಕ್ಕು, ನಾನು ನೋಡಿದ ಕೂಡಲೇ ಸಾರಿನ ಬಟ್ಟಲಿನೊಳಗೆ ಮುಖ ಇಟ್ಟುಕೊಂಡ. ವೈವಾ ಹತ್ತಿರ ಬರುತ್ತಿತ್ತು. ಮೇಷ್ಟ್ರು ವರಾಂಡದಲ್ಲಿ ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ: “ಯಾಕೆ ಹಾಳಾಯ್ತು?” ನಾನು ಇನ್ನೊಂದು ಬಾಗಿಲಿನಿಂದ ಹೋಗುವುದನ್ನು ಕಲಿತೆ.

ಕೊನೆಗೆ ಅಮ್ಮಾರೇ ಹೇಳಿ ಕಳಿಸಿದರು: ರಿಪೇರಿ ಮಾಡೋ ಹುಡುಗಿಯನ್ನ ನನ್ನ ಮುಂದೆ ಕರ್ಕೊಂಡು ಬಾ.

ಕಾಲೇಜು ಬಿಟ್ಟ ಮೇಲೆ ಪಿ.ಜೆ. ಬಡಾವಣೆಗೆ ನಡೆದುಕೊಂಡು ಹೋದೆ. ಅಮ್ಮಾರು ಹೊರಡುವ ಸಡಗರದಲ್ಲಿದ್ದರು. ಹಣೆ ತುಂಬ ವಿಭೂತಿ, ಇಳಕಲ್ ಸೀರೆ, ಗಟ್ಟಿ ದನಿ. “ಬಾರವ್ವ, ಹಿಂದೆ ಕೂಡು. ಕಾರು ಓಡೋವಾಗ ನೋಡು, ಅದಕ್ಕೇನು ಬ್ಯಾನಿ ಅಂತ ತಿಳೀತೈತೆ,” ಅಂದರು. ನಾನೂ ಅವರ ಸೊಸೆಯೂ ಹಿಂದೆ ಕೂತೆವು.

ಅಮ್ಮಾರು ಮೊದಲು ಚಪ್ಪಲಿ ಕಳಚಿ ಡ್ರೈವರ್ ಅಣ್ಣನ ಕೈಗೆ ಕೊಟ್ಟರು. ಅವನು ಅದನ್ನು ಡಿಕ್ಕಿಯಲ್ಲಿಟ್ಟ. ಆಮೇಲೆ ಬಲಗಾಲು ಒಳಗಿಟ್ಟು, ಸೀಟಿನ ಮೇಲೆ ಏರಿ, ಪೂಜೆಗೆ ಕೂತಂತೆ ಎರಡೂ ಕಾಲು ಮಡಚಿ ಚಕ್ಕಳಮಕ್ಕಳ ಹಾಕಿ ಕೂತರು. ಕಾರು ಹೊರಟಿತು.

“ಎಷ್ಟ್ನೇತ್ತವ್ವ ನೀನು?” ಅಂತ ಕೇಳಿದರು. ಕೇಳಲಿಕ್ಕೆ ಕತ್ತು ಮಾತ್ರ ತಿರುಗಿಸಲಿಲ್ಲ. ಹಿಮ್ಮಡಿಯನ್ನು ಸೀಟಿಗೆ ಊರಿ, ಅದರ ಮೇಲೆ ಇಡೀ ಮೈಯನ್ನು ತಿರುಗಿಸಿಕೊಂಡು ನನ್ನ ಎದುರಿಗೆ ಬಂದರು. ನಾನು ಉತ್ತರ ಕೊಟ್ಟೆ. ಅವರು ಅದೇ ಹಿಮ್ಮಡಿಯ ಮೇಲೆ ತಿರುಗಿ ರಸ್ತೆಯ ಕಡೆ ಹೋದರು. “ನಿಮ್ಮಪ್ಪಗೆ ಎಷ್ಟು ಮಕ್ಕಳು?” ಮತ್ತೆ ಬಂದರು. ಸೊಸೆಗೆ ಏನೋ ನೆನಪಿಸಲು ಬಂದರು. ಎಮ್ಮೆ ಅಡ್ಡ ಬಂದಿತೆಂದು ಬೈಯಲು ಹೋದರು. ಅವರು ತಿರುಗಿದಾಗಲೆಲ್ಲ ಸೀಟು ಒಳಗಿನಿಂದ ಕಿರ್ ಅನ್ನುತ್ತಿತ್ತು. ಪ್ರತಿ ಸಲ ಒಂದೇ ಜಾಗದಲ್ಲಿ. ನನ್ನ ಹಿತ್ತಾಳೆ ಕೊಳವೆ ಇದ್ದ ಜಾಗದಲ್ಲಿ.

ನನಗೆ ನಗು ತಡೆಯಲಾಗಲಿಲ್ಲ. ಜೋರಾಗಿಯೇ ನಕ್ಕೆ.

“ಯಾಕ ನಗ್ತೀಯ?” ಅಂತ ಅಮ್ಮಾರು ಮತ್ತೆ ತಿರುಗಿದರು. ಕಿರ್.

ಇಳಿದ ಮೇಲೆ ಡ್ರೈವರ್ ಅಣ್ಣನಿಗೆ ಸಂಗತಿ ಹೇಳಿದೆ. ಅವನು ಎರಡು ಕೈ ಎತ್ತಿದ. “ಕಾಲು ಇಳಿಬಿಟ್ಟು ಕೂಡ್ರಿ ಅಂತ ನಾನು ಹೇಳಂಗಿಲ್ಲ. ನನಗ ಹೆಂಡ್ತಿ ಮಕ್ಕಳು ಅದಾರೆ. ನೀವೇ ಹೇಳ್ರಿ, ನೀವು ಓದಿದೋರು.”

ಹೇಳಿದೆ. “ಅಮ್ಮಾರೆ, ಕಾಲು ಕೆಳಗ ಬಿಟ್ಟು ಕೂತ್ರೆ ವೈರು ಉಳೀತೈತೆ.”

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಕಾಲು ಜೋತು ಬಿಟ್ಕಂಡು ಕೂಡಾಕೆ ಇದೇನು ಬಸ್ಸಾ, ದವಾಖಾನೆನಾ? ನಮ್ಮ ಮನಿ ಕಾರು. ನಾನು ಹುಟ್ಟಿದಾಗಿಂದ ಹಿಂಗೇ ಕೂತೀನಿ. ನಿನ್ನ ವೈರಿಗೆ ಹೇಳವ್ವ, ಸ್ವಲ್ಪ ಸರ್ಕಂಡು ಕೂಡು ಅಂತ.”

ಮಾತು ಮುಗಿಯಿತು ಅಂತ ಒಳಗೆ ಹೋದರು. ನಾನು ಅಲ್ಲೇ ನಿಂತೆ. ಅವರು ಹೇಳಿದ್ದು ಬೈಗುಳವಾಗಿತ್ತು, ಆದರೆ ಬೈಗುಳದೊಳಗೆ ದಾರಿಯೂ ಇತ್ತು. ವೈರು ಸರಿಯಬಾರದು ಅಂತ ಯಾರು ಹೇಳಿದ್ದಾರೆ?

ಅಪ್ಪನಿಗೆ ಹೇಳಿದೆ. ಅವನು ಸ್ವಲ್ಪ ಯೋಚಿಸಿ, “ಅಳತೆ ತಗಂಬೇಕು. ಅಂಗಿ ಹೊಲಿಯೋರು ಮೈ ಅಳತೆ ತಗಂತಾರೆ. ನಾವು ಕುಂತಿದ್ದರ ಅಳತೆ ತಗಳಣ,” ಅಂದ. ಅಂಗಡಿಗೆ ಬನ್ನಿ ಎಂದು ಅಮ್ಮಾರಿಗೆ ಹೇಳಿ ಕಳಿಸಿದೆವು. ಅಳತೆ ಅಂದ ಕೂಡಲೇ ಬಂದರು. ಸೀಟಿನ ಮೇಲೆ ಕರಿ ಬಟ್ಟೆ ಬಿಗಿದು, ಗುರುತು ಹಾಕುವ ಸೀಮೆಸುಣ್ಣವನ್ನು ಪುಡಿ ಮಾಡಿ ತೆಳ್ಳಗೆ ಉದುರಿಸಿ, “ಕೂಡ್ರಿ ಅಮ್ಮಾರೆ, ಕಾರಿನಾಗೆ ಕೂತಂಗೆ ಕೂಡ್ರಿ,” ಅಂದ ಅಪ್ಪ.

“ಏನಪ್ಪ, ರಂಗೋಲಿ ಮ್ಯಾಲೆ ಕೂಡ್ಸಿ ನನಗ ಆರತಿ ಎತ್ತಾಂವ ಅದೀಯೇನು?” ಅಂತ ಅವರು ಏರಿ ಕೂತರು. ಎದುರಿಗೆ ಅತ್ತೆ. ಅಮ್ಮಾರ ಸೀರೆಗೆ ಸುಣ್ಣ ಹತ್ತುತ್ತದೆ, ಒರೆಸಲು ಯಾರಾದರೂ ಹೆಣ್ಣುಮಕ್ಕಳು ಬೇಕು ಎಂದು ಅಪ್ಪನೇ ಮನೆಯಿಂದ ಕರೆಸಿದ್ದ. ಇಬ್ಬರೂ ಮಾಯಕೊಂಡದ ಸುದ್ದಿ ತೆಗೆದರು. ಹಿಂದಿನ ಸೀಟಿನಲ್ಲಿ ಇದ್ದಂತೆ ನನ್ನನ್ನು ಹಿಂದೆ ನಿಲ್ಲಿಸಿಕೊಂಡು ಅಮ್ಮಾರು ಆಗಾಗ ತಿರುಗಿ ಮಾತಾಡಿಸಿದರು. ನಮಗೆ ಬೇಕಾದ್ದೂ ಅದೇ.

“ಹುಡುಗಿ ಇಂಜಿನೇರ ಆಗ್ತಾಳೇನು?” ಅಂತ ಅತ್ತೆಯನ್ನು ಕೇಳಿದರು.

“ಆಕಿಯಾ? ಆಗಂಗಿಲ್ಲ ಬಿಡ್ರಿ.”

“ಹಂಗಾದ್ರೆ ನನ್ನ ಸೊಂಟದ ಗತಿ?”

ಅತ್ತೆ ಇಕ್ಕಟ್ಟಿಗೆ ಸಿಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಸೆರಗು ಸರಿಮಾಡಿಕೊಂಡಳು. ನನ್ನ ಕಡೆ ನೋಡಲಿಲ್ಲ. “ಸೊಂಟ… ಅದೊಂದು ಆಗುತ್ತೆ ಬಿಡ್ರಿ,” ಅಂದಳು.

ಅಮ್ಮಾರು ಎದ್ದರು. ಕರಿ ಬಟ್ಟೆಯ ಮೇಲೆ ಅವರು ಕೂತದ್ದು ಅಚ್ಚಾಗಿತ್ತು. ಎರಡು ಕಡೆ ಅಗಲವಾದ ಗುರುತು, ನಡುವೆ ಸ್ವಲ್ಪ ಮುಂದಕ್ಕೆ ಸುಣ್ಣವೆಲ್ಲ ಉಜ್ಜಿ ಹೋಗಿ ಕರ್‍ರಗೆ ಒಂದು ಗುಂಡಾದ ಜಾಗ. ಅತ್ತೆ ಅವರ ಸೀರೆಯ ಸುಣ್ಣ ಕೊಡವುತ್ತಿರುವಾಗ ಅಪ್ಪ ಆ ಜಾಗದ ಸುತ್ತ ಗೆರೆ ಎಳೆದ.

ಆಮೇಲೆ ನಮ್ಮಿಬ್ಬರ ಕೆಲಸ. ಹೊಸ ದಪ್ಪ ಬಟ್ಟೆ ಕತ್ತರಿಸಿ, ಅದರ ಮೇಲೆ ವೈರು ಹೋಗುವ ದಾರಿಯನ್ನು ನಾನು ಬರೆದೆ. ಹಿಮ್ಮಡಿಯ ಜಾಗ ಪೂರ್ತಿ ಖಾಲಿ. ವೈರು ಅಲ್ಲಿಗೆ ಬಂದು, ಸುತ್ತು ಹಾಕಿ ಆಚೆ ಹೋಗುವುದು. ಒಟ್ಟು ಉದ್ದ ಕಡಿಮೆಯಾಗಬಾರದು, ಕಡಿಮೆಯಾದರೆ ಕರೆಂಟು ಹೆಚ್ಚಾಗಿ ಸೀಟು ಸುಡುತ್ತದೆ. ಹಾಗಾಗಿ ಅಲ್ಲಿ ಉಳಿದ ವೈರನ್ನು ಸೊಂಟದ ಕಡೆ ಒತ್ತಾಗಿ ಹಾಯಿಸಿದೆ. ಕಾವು ಬೇಕಾದದ್ದು ಅಲ್ಲೇ ತಾನೇ? ಎಲ್ಲೂ ಬಿಗಿಯಾಗದಂತೆ, ಎಳೆದರೆ ಒಂದಿಷ್ಟು ಬಿಟ್ಟುಕೊಡುವಂತೆ ಅಪ್ಪ ಸಡಿಲ ಹೊಲಿಗೆ ಹಾಕಿದ. ಖಾಲಿ ಜಾಗಕ್ಕೆ ಗಟ್ಟಿ ಸ್ಪಂಜಿನ ಒಂದು ಬಿಲ್ಲೆ. ಅಮ್ಮಾರು ಸುತ್ತಾಡಲಿಕ್ಕೆ.

ವೈವಾ ದಿನಕ್ಕೆ ಸೀಟು ಬೇಕು ಎಂದು ಕೇಳಿದಾಗ ಅಮ್ಮಾರು ಒಂದು ಷರತ್ತು ಹಾಕಿದರು: ಅದರ ಮೇಲೆ ಬೇರೆ ಯಾರೂ ಕೂಡಬಾರದು. ಆಗಲಿ ಅಂದೆ. ಹರಿಹರದಿಂದ ಲಗೇಜ್ ಆಟೊದಲ್ಲಿ ಸೀಟು, ಬ್ಯಾಟರಿ, ನಾನು, ಅಪ್ಪ. ಅಪ್ಪ ಸೀಟನ್ನು ಮಗುವಿನಂತೆ ಹಿಡಿದುಕೊಂಡಿದ್ದ. ಕಾಲೇಜು ಗೇಟಿನಲ್ಲಿ ಕಾವಲಿನವನು “ಇದೇನು, ಪ್ರಿನ್ಸಿಪಾಲರಿಗಾ?” ಅಂದ. ಅಪ್ಪ ಪ್ರಯೋಗಾಲಯದ ಮೆಟ್ಟಿಲಿನ ಮೇಲೆ ಉಳಿದ. ಒಳಗೆ ಬಾ ಅಂದರೆ, “ನೀನು ಹೋಗು. ನಾನು ಕೆಳಗ ಕೂತು ಕಾಲು ಜೋತು ಬಿಟ್ಟಿರ್ತೀನಿ,” ಅಂದ.

ಹೊರಗಿನ ಪರೀಕ್ಷಕರು ಬೇರೆ ಊರಿನವರು, ದಪ್ಪ ಮೈ, ಸಿಡುಕು ಮುಖ. ಬೆಳಗಿನಿಂದ ಪ್ರಶ್ನೆ ಕೇಳಿ ಕೇಳಿ ಸುಸ್ತಾಗಿದ್ದರು. ನನ್ನ ಮೇಜಿನ ಪಕ್ಕದ ನೆಲದ ಮೇಲೆ ಕಾರಿನ ಸೀಟು ನೋಡಿ ನಿಂತರು.

“ಈ ಬೇಸಿಗೇಲಿ ಇದು ಯಾರಿಗೆ ಬೇಕು?”

“ಸೊಂಟ ನೋಯೋರಿಗೆ, ಸರ್.”

ನಮ್ಮ ಮೇಷ್ಟ್ರು ಹಿಂದಿನಿಂದ, “ಯಾಕೆ ಹಾಳಾಗಿತ್ತು ಅಂತ ಹೇಳಮ್ಮ,” ಅಂದರು. ಹೇಳಿದೆ. ಹಿಮ್ಮಡಿಯ ಮೇಲೆ ತಿರುಗುವುದನ್ನೂ ಹೇಳಿದೆ. ಕರಿ ಬಟ್ಟೆ ಬಿಚ್ಚಿ ಸುಣ್ಣದ ಅಚ್ಚು ತೋರಿಸಿದೆ. ಪಕ್ಕದ ಮೇಜಿನವರು ಕಿಸಕ್ಕೆಂದು ನಕ್ಕರು. ಪರೀಕ್ಷಕರು ನಗಲಿಲ್ಲ.

“ಒಬ್ಬ ಹೆಂಗಸಿನ ಹಿಮ್ಮಡಿಗೆ ಅಂತ ಮಾಡಿದ್ದು ಇಂಜಿನಿಯರಿಂಗ್ ಆಗುತ್ತಾ?”

'ಆಗಂಗಿಲ್ಲ' ಅನ್ನುವ ಮಾತಿಗೆ ಉತ್ತರ ಕೊಡುವ ಅಭ್ಯಾಸ ನನಗೆ ಮನೆಯಲ್ಲೇ ಆಗಿತ್ತು. “ಸರ್, ಈ ಕಾರು ಮಾಡಿದೋರು ಕಾಲು ಇಳಿಬಿಟ್ಟು ಕೂಡೋರನ್ನ ನೋಡಿ ಮಾಡಿದ್ರು. ನಾನು ಇದರ ಮೇಲೆ ಕೂಡೋರನ್ನ ನೋಡಿ ಮಾಡಿದೆ.”

ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಅಕ್ಕಪಕ್ಕದ ಮೇಜುಗಳ ಮೇಲೆ ಉರಿಯುತ್ತಿದ್ದ, ತಿರುಗುತ್ತಿದ್ದ ಮಾದರಿಗಳೆಲ್ಲ ತಣ್ಣಗೆ ಕೂತವು. ನನ್ನದು ಬ್ಯಾಟರಿಯ ಮೇಲೆ ನಡೆಯುವಂಥದ್ದು. ಪರೀಕ್ಷಕರು ಹಣೆ ಒರೆಸಿಕೊಂಡು ಸುತ್ತ ನೋಡಿ, “ಸರಿ, ಇದೊಂದು ನಡೀತಿದೆ. ತೋರಿಸು,” ಎಂದು ಕೂರಲು ಹೋದರು.

ಅಮ್ಮಾರ ಷರತ್ತು ನೆನಪಾಯಿತು. ಆದರೆ ಡಿಗ್ರಿ ಕೊಡುವವರು ಅಮ್ಮಾರಲ್ಲ. “ಸರ್, ಬೂಟು ಬಿಚ್ಚಿ, ಕಾಲು ಮಡಚಿ ಕೂಡ್ರಿ,” ಅಂದೆ. ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡರು. ಅವರ ಭುಜ ಅಲ್ಲಾಡುತ್ತಿತ್ತು.

ಪರೀಕ್ಷಕರು ಬೂಟು ಬಿಚ್ಚಿದರು. ಚಕ್ಕಳಮಕ್ಕಳ ಹಾಕಿ ಕೂತರು. ಗುಂಡಿ ಒತ್ತಿದೆ. ಬೇಸಿಗೆಯ ಮಧ್ಯಾಹ್ನ, ಫ್ಯಾನಿಲ್ಲ, ಕೆಳಗಿನಿಂದ ಕಾವು. ಅವರ ಅಂಗಿಯ ಬೆನ್ನು ಒದ್ದೆಯಾಗುತ್ತಾ ಬಂತು. ಈಗ ರಿಲೇ ಕಡಿಯಬೇಕು. ಕಡಿಯಲಿಲ್ಲ. ನಾನು ಬೋರ್ಡಿನ ಮೇಲೆ ಕಣ್ಣಿಟ್ಟು ನಿಂತೆ. ಕಡಿಯದಿದ್ದರೆ ಅವರು ಸುಟ್ಟುಕೊಂಡು ಏಳುತ್ತಾರೆ, ನಾನು ಹರಿಹರದ ಬಸ್ಸು ಹತ್ತುತ್ತೇನೆ, ಶೇಂಗಾ ಒಡೆಯುವವಳ ಪಕ್ಕ ಕೂತು ನಾನೂ ಶೇಂಗಾ ಒಡೆಯುತ್ತೇನೆ.

ಟಿಕ್.

ಪರೀಕ್ಷಕರು ತಲೆಯಾಡಿಸಿದರು. ಆಮೇಲೆ ಸಂಶಯದಿಂದಲೋ ಏನೋ, ಹಿಮ್ಮಡಿ ಊರಿ, ಮೇಷ್ಟ್ರ ಕಡೆಗೊಮ್ಮೆ ತಿರುಗಿ, ನನ್ನ ಕಡೆಗೊಮ್ಮೆ ತಿರುಗಿ, ಹೀಗೆ ಸುಮಾರು ಹೊತ್ತು ಪ್ರಶ್ನೆ ಕೇಳಿದರು. ಕಿರ್ ಎನ್ನಲಿಲ್ಲ. ಸೀಟು ತಣ್ಣಗಾಗುತ್ತಾ ಬಂದಾಗ ಮತ್ತೆ ಟಿಕ್ ಎಂದು ಕಾವು ಹತ್ತಿತು. ಕರೆಂಟು ಬಂದು, ಉಳಿದವರೆಲ್ಲ ತಮ್ಮ ತಮ್ಮ ಮಾದರಿ ತೋರಿಸಲು ಸಿದ್ಧರಾಗಿ ನಿಂತರೂ ಅವರು ಏಳಲಿಲ್ಲ. “ನನಗೂ ಸ್ವಲ್ಪ ಬೆನ್ನು ತೊಂದರೆ ಇದೆ,” ಅಂದರು, ಯಾರಿಗೂ ಅಲ್ಲ ಎಂಬಂತೆ.

ಕೆಳಗಿಳಿದು ಬಂದೆ. ಅಪ್ಪ ಮೆಟ್ಟಿಲಿನ ಮೇಲೆ ನಿಜವಾಗಿಯೂ ಕಾಲು ಜೋತು ಬಿಟ್ಟು ಕೂತಿದ್ದ. ನನ್ನ ಮುಖ ನೋಡಿ ಏನೂ ಕೇಳದೆ ಎದ್ದು ಸೀಟು ಹೊರಲು ಹೋದ.

ಮರುದಿನ ಕಾರಿಗೆ ಸೀಟು ಹಾಕಿ ಕೊಟ್ಟೆವು. ಅಮ್ಮಾರು ಏರಿ ಕೂತು, ಎರಡು ಸಲ ತಿರುಗಿ ನೋಡಿ, ಹುಬ್ಬು ಗಂಟಿಕ್ಕಿದರು. “ಯಾರು ಕೂತಿದ್ರು ಇದ್ರ ಮ್ಯಾಲೆ? ದಪ್ಪನ ಮನುಷ್ಯ ಯಾರೋ ಕೂತಾನೆ.” ಡ್ರೈವರ್ ಅಣ್ಣ ನನ್ನ ಕಡೆ ನೋಡಿದ, ನಾನು ಅಪ್ಪನ ಕಡೆ ನೋಡಿದೆ, ಅಪ್ಪ ದಾರಿಯ ಕಡೆ ನೋಡಿದ. ಅಷ್ಟರಲ್ಲಿ ಕಾವು ಹತ್ತಿತು. ಅಮ್ಮಾರು ಕಣ್ಣು ಮುಚ್ಚಿ, “ಹೋಗ್ಲಿ ಬಿಡು, ಯಾರಾದ್ರೂ ಆಗಿರ್ಲಿ,” ಅಂದರು. ಆ ವೈರು ಮತ್ತೆ ಕಡಿದ ಸುದ್ದಿ ನಮಗೆ ಬರಲಿಲ್ಲ.

ರಿಸಲ್ಟು ಬಂತು. ಫಸ್ಟ್ ಕ್ಲಾಸ್. ಅತ್ತೆಗೆ ಹೇಳಿದರೆ, “ಹಲಗಿ ಮ್ಯಾಲೆ ನಂಬರು ಅಂಟಿಸಿದ್ರೆ ಆತಾ? ಮಳಿ ಬಂದ್ರೆ ಹೋಗುತ್ತೆ. ಕೈಗೆ ಕಾಗದ ಬರ್ಲಿ,” ಅಂದಳು. ಅಂದವಳು ಆ ದಿನ ಹೋಳಿಗೆ ಮಾಡಿದಳು. ಯಾಕತ್ತೆ ಅಂತ ಕೇಳಿದ್ದಕ್ಕೆ, ಬೇಳೆಗೆ ಹುಳ ಬೀಳೋ ಹಂಗಿತ್ತು ಅಂದಳು.

ಕಾಗದ ಬರಲು ತಿಂಗಳುಗಳೇ ಹಿಡಿದವು. ಬಂದಿದೆ ಅಂತ ತಿಳಿದ ದಿನ ಅಪ್ಪ ಅಂಗಡಿಗೆ ಬಾಗಿಲು ಹಾಕಿದ. ಒಂದು ಲಾರಿಯವನು ಸೀಟು ಹಿಡಿದುಕೊಂಡು ಬಂದಿದ್ದ. ಅವನಿಗೆ, “ನಾಳೆ ಬಾರಪ್ಪ, ಇವತ್ತು ನಮ್ಮ ಇಂಜಿನೇರು ಕಾಗದ ತಗಂತಾಳೆ,” ಅಂದ. ಬಿಳಿ ಅಂಗಿ ತೊಟ್ಟು, ಕೈಯ ಅಂಟನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತಿಕ್ಕಿ ತೊಳೆದುಕೊಂಡು ನನ್ನ ಜೊತೆ ದಾವಣಗೆರೆ ಬಸ್ಸು ಹತ್ತಿದ.

ಕಾಲೇಜು ಆಫೀಸಿನ ಕಿಂಡಿಯಲ್ಲಿ ಗುಮಾಸ್ತರು ಕಟ್ಟು ಬಿಚ್ಚಿ ಹುಡುಕಿದರು. ನನ್ನ ಸಹಿ ಹಾಕಿಸಿಕೊಂಡು ಸರ್ಟಿಫಿಕೇಟು ಮುಂದಕ್ಕೆ ಚಾಚಿದರು. ನನ್ನ ಕೈಗಿಂತ ಮೊದಲು ಅಪ್ಪನ ಕೈ ಹೋಯಿತು. ಅಂಚು ಮಾತ್ರ ಹಿಡಿದು, ನೆರಳಿನಿಂದ ಬೆಳಕಿಗೆ ಬಂದು, ನನ್ನ ಹೆಸರಿನ ಮೇಲೆ ಬೆರಳಿಡದೆ, ಒಂದು ಕೂದಲೆಳೆ ಮೇಲೆ ಬೆರಳು ಓಡಿಸಿ, ಒಂದೊಂದೇ ಅಕ್ಷರ ಕೂಡಿಸಿ ಓದಿದ. ಓದಿ ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದ. ಏನಾದರೂ ಹೇಳಬೇಕಲ್ಲ ಅಂತ, “ಮನೆಗೆ ಹೋಗಿ ಮೊದ್ಲು ದೇವರ ಮುಂದೆ ಇಡೋಣ ಅಪ್ಪ,” ಅಂದೆ.

ಅಪ್ಪ ತಲೆ ಅಲ್ಲಾಡಿಸಿದ.

“ಬ್ಯಾಡ. ಮೊದ್ಲು ನಿಮ್ಮತ್ತೆ ಮುಂದೆ ಇಡಣ. ದೇವ್ರು ಯಾವತ್ತೂ ಆಗಂಗಿಲ್ಲ ಅಂದಿರ್ಲಿಲ್ಲವ್ವ.”